ಮಕ್ಕಳ ಜ್ವರವೂ ಔಷಧವಿವೇಕವೂ

ಜ್ವರವೆಂಬುದು ಸ್ವತಃ ವ್ಯಾಧಿಯಲ್ಲ, ವ್ಯಾಧಿಯ ಸೂಚನೆ. ಜ್ವರಹರ ಔಷಧವು ದೇಹದ ತಾಪವನ್ನು ಇಳಿಸೀತೇ ಹೊರತು ಅದರ ಮೂಲವನ್ನು ನಿವಾರಿಸಲಾರದು. ಈ ಭೇದವನ್ನರಿಯದೆ, ಮನೆಯಲ್ಲಿ ಹಿರಿಯರಿಗೆಂದು ತಂದು ಉಳಿದ ಗುಳಿಗೆಯನ್ನೇ ಮಗುವಿಗೆ ನುಂಗಿಸುವ ರೂಢಿ ಹಲವೆಡೆ ಉಂಟು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅರಣ್ಯಸೀಮೆಯಲ್ಲಿ ಈ ರೂಢಿಯು ವಿಶೇಷವಾಗಿ ಅಪಾಯಕರವಾದುದು.

ಅದಕ್ಕೆ ಕಾರಣವಿದೆ. ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಅರಣ್ಯದಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು 2024ರಲ್ಲಿ ಸಿದ್ದಾಪುರ ತಾಲೂಕನ್ನು ತೀವ್ರವಾಗಿ ಕಾಡಿತು. ಸೊಪ್ಪು, ತರಗೆಲೆಗಳಿಗೆಂದು ಬೆಟ್ಟಕ್ಕೆ ಹೋದವರಿಗೆ ಉಣುಗು ಕಚ್ಚಿ ತಗಲುವ ಈ ರೋಗವೂ, ಸೊಳ್ಳೆಯಿಂದ ಹರಡುವ ಡೆಂಗಿಯೂ ಮೊದಲ ದಿನಗಳಲ್ಲಿ ಸಾಮಾನ್ಯ ಜ್ವರದಂತೆಯೇ ತೋರುತ್ತವೆ. ಎರಡರಲ್ಲಿಯೂ ರಕ್ತಸ್ರಾವದ ಭಯವುಂಟು. ಆಸ್ಪಿರಿನ್, ಐಬುಪ್ರೊಫೆನ್‌ಗಳು ರಕ್ತ ಹೆಪ್ಪುಗಟ್ಟುವ ಕ್ರಿಯೆಗೆ ಅಡ್ಡಿಯಾಗಿ ಆ ಭಯವನ್ನು ಹೆಚ್ಚಿಸುತ್ತವೆ. ನಿಮೆಸುಲೈಡನ್ನಂತೂ 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತ ಸರ್ಕಾರವು 2011ರಲ್ಲಿ ನಿಷೇಧಿಸಿತು.

ಆದುದರಿಂದ ಮನೆಯಲ್ಲಿ ಕೊಡಲು ತಕ್ಕುದು ಪ್ಯಾರಸಿಟಮಾಲ್ ಒಂದೇ. ಅದರ ಪ್ರಮಾಣವನ್ನು ಮಗುವಿನ ತೂಕದಿಂದ ನಿರ್ಣಯಿಸಬೇಕು. ಕಿಲೋ ಒಂದಕ್ಕೆ ಸಲಕ್ಕೆ 10ರಿಂದ 15 ಮಿಲಿಗ್ರಾಂ. ಎರಡು ಸಲಗಳ ನಡುವೆ 6 ಗಂಟೆಗಳ ಅಂತರ. ದಿನಕ್ಕೆ 4 ಸಲ ಮೀರಬಾರದು. ಸಿರಪ್ಪುಗಳೆಲ್ಲವೂ ಒಂದೇ ಬಗೆಯವಲ್ಲ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಔಷಧವಿರುವ ಸೀಸೆಯೂ ಉಂಟು, 250 ಇರುವುದೂ ಉಂಟು. 10 ಕಿಲೋ ತೂಕದ ಮಗುವಿಗೆ 150 ಮಿಲಿಗ್ರಾಂ ಬೇಕಾದಲ್ಲಿ ಮೊದಲನೆಯದರಿಂದ 6 ಮಿಲಿಲೀಟರ್, ಎರಡನೆಯದರಿಂದ 3 ಮಿಲಿಲೀಟರ್ ಮಾತ್ರ. ಸೀಸೆಯ ಬರಹವನ್ನೋದದೆ ಅಡಿಗೆಮನೆಯ ಚಮಚದಿಂದ ಅಳೆದರೆ ಪ್ರಮಾಣವು ಇಮ್ಮಡಿಯಾದೀತು. ಅತಿಯಾದ ಪ್ಯಾರಸಿಟಮಾಲ್ ಯಕೃತ್ತಿಗೆ ವಿಷವೇ ಸರಿ. ನೆಗಡಿಯ ಮಿಶ್ರ ಔಷಧಗಳಲ್ಲಿಯೂ ಇದು ಅಡಗಿರಬಹುದಾದುದರಿಂದ ಎರಡನ್ನೂ ಕೂಡಿಸಿ ಕೊಡಲಾಗದು.

ಮೂರು ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೆ ಔಷಧಕ್ಕೆ ಮುನ್ನ ವೈದ್ಯರನ್ನೇ ಕಾಣಬೇಕು. ಮೂಗು, ವಸಡುಗಳಲ್ಲಿ ರಕ್ತ, ಬಿಡದ ವಾಂತಿ, ಮಂಪರು, ಸೆಳವು ಕಂಡಲ್ಲಿ ಯಾವ ವಯಸ್ಸಿನವರನ್ನೇ ಆಗಲಿ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೆಟ್ಟಕ್ಕೆ ಹೋದುದನ್ನೂ, ಉಣುಗು ಕಚ್ಚಿದುದನ್ನೂ, ಸಮೀಪದಲ್ಲಿ ಮಂಗ ಸತ್ತುದನ್ನೂ ವೈದ್ಯರಿಗೆ ಮರೆಯದೆ ತಿಳಿಸಬೇಕು.

ಓದು ಬಾರದ ಅಜ್ಜಿಯು ಮೊಮ್ಮಗುವಿಗೆ ಔಷಧ ಕುಡಿಸುವ ಮನೆಗಳು ಇಂದಿಗೂ ಇವೆ. ಶಾಲೆಯಲ್ಲಿ ಅಕ್ಷರವನ್ನೂ ಅಂಕಿಯನ್ನೂ ಕಲಿತ ಅಕ್ಕನೋ ಅಣ್ಣನೋ ಆ ಸೀಸೆಯನ್ನು ಕೈಗೆತ್ತಿಕೊಂಡು ಓದಿ, ಅಳತೆ ತಪ್ಪದಂತೆ ನೋಡಿಕೊಂಡರೆ, ಗುರುಗಳು ಕಲಿಸಿದ ವಿದ್ಯೆಯು ಒಂದು ಜೀವವನ್ನು ಕಾಯ್ದಂತಾಗುವುದು.