ಹೊಸ ಆಂಪ್ಲಿಫೈಯರ್, ಹಳೆಯ ಕಿವಿ

ಮೈಸೂರಿನ ಓದುಗರೊಬ್ಬರ ಮನೆಯಲ್ಲಿ ಒಂದು ವ್ಯಾಜ್ಯ ಹುಟ್ಟಿಕೊಂಡಿದೆ. ಇಪ್ಪತ್ತು ವರ್ಷ ದುಡಿದ ಆಂಪ್ಲಿಫೈಯರನ್ನು ಅಟ್ಟಕ್ಕೇರಿಸಿ, ಮಗ ಕೊಡಿಸಿದ ಹೊಸದನ್ನು ಅದೇ ಹಳೆಯ ಸ್ಪೀಕರುಗಳಿಗೆ ಜೋಡಿಸಿದ್ದಾರೆ. 'ವೀಣೆಯ ತಂತಿಯ ಮೇಲೆ ಬೆರಳು ಜಾರುವುದೂ ಕೇಳಿಸುತ್ತಿದೆ' ಎಂದು ಅವರ ಸಂಭ್ರಮ. 'ನನಗೇನೋ ಮೊದಲಿನ ಹಾಗೇ ಇದೆಯಪ್ಪ' ಎಂದು ಅವರ ಹೆಂಡತಿ. ಯಾರ ಕಿವಿ ಸರಿ ಎಂದು ಪತ್ರ ಬರೆದು ಕೇಳಿದ್ದಾರೆ.

ಇಬ್ಬರದೂ ಸರಿಯಿರಬಹುದು. ಯಜಮಾನರಿಗೆ ಕೇಳಿಸಿದ ವ್ಯತ್ಯಾಸ ನಿಜವೇ ಇದ್ದೀತು. ಅದರ ಶ್ರೇಯಸ್ಸು ಹೊಸ ಪೆಟ್ಟಿಗೆಗೆ ಸಲ್ಲಬೇಕೇ ಎಂಬುದು ಬೇರೆ ಮಾತು.

ಆಂಪ್ಲಿಫೈಯರಿನ ಕೆಲಸ ಹೇಳಲು ಸುಲಭ. ಫೋನಿನಿಂದಲೋ ಸಿ.ಡಿ. ಪ್ಲೇಯರಿನಿಂದಲೋ ಬರುವ ಬಡಕಲು ಸಿಗ್ನಲ್ಲಿನ ಆಕಾರ ಕೆಡಿಸದೆ, ಸ್ಪೀಕರಿನ ಕೋನನ್ನು ಅಲುಗಾಡಿಸುವಷ್ಟು ಕಸುವು ತುಂಬಬೇಕು. ಆಕಾರ ಕೆಡಿಸದಿರುವುದೇ ಒಂದು ಕಾಲಕ್ಕೆ ದೊಡ್ಡ ತಲೆನೋವಾಗಿತ್ತು. 1927ರ ಆಗಸ್ಟ್ 2ರ ಬೆಳಗ್ಗೆ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೆಲಸಕ್ಕೆ ಹೊರಟಿದ್ದ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್‌ಗೆ ಉಪಾಯ ಹೊಳೆಯಿತು. ಹೊರಬಂದ ಸಿಗ್ನಲ್ಲಿನ ಒಂದು ಪಾಲನ್ನು ತಿರುಗಮುರುಗ ಮಾಡಿ ಒಳಕ್ಕೇ ಕಳಿಸಿದರೆ, ಯಂತ್ರ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಬೇರೆ ಕಾಗದ ಸಿಗದೆ, ಕೈಯಲ್ಲಿದ್ದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಪುಟದ ಮೇಲೆಯೇ ಆತ ಚಿತ್ರ ಗೀಚಿದ. ಅದೇ ನೆಗೆಟಿವ್ ಫೀಡ್‌ಬ್ಯಾಕ್. ಅದನ್ನು ಬಳಸಿ ಬ್ರಿಟನ್ನಿನ ಡಿ.ಟಿ.ಎನ್. ವಿಲಿಯಮ್ಸನ್ 1947ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟಿಸಿದ ವಾಲ್ವ್ ಆಂಪ್ಲಿಫೈಯರಿನ ವಿರೂಪ ಶೇಕಡಾ 0.1ರಷ್ಟು ಮಾತ್ರ. ಅಂದರೆ ಈ ಸಮಸ್ಯೆಯ ಬಹುಪಾಲು ಮುಕ್ಕಾಲು ಶತಮಾನದ ಹಿಂದೆಯೇ ಬಗೆಹರಿದಿತ್ತು.

ಹಾಗಾದರೆ ಮೈಸೂರಿನಲ್ಲಿ ವೀಣೆ ಬದಲಾಗಿದ್ದೇಕೆ?

ಇಲ್ಲಿ ಬರುತ್ತಾನೆ ನಿಜವಾದ ಕಳ್ಳ: ಅರ್ಧ ಡೆಸಿಬಲ್. ಎರಡು ಆಂಪ್ಲಿಫೈಯರುಗಳ ವಾಲ್ಯೂಮ್ ಗುಂಡಿಯನ್ನು ಒಂದೇ ಜಾಗಕ್ಕೆ ತಿರುಗಿಸಿದರೆ ಎರಡೂ ಒಂದೇ ಮಟ್ಟದಲ್ಲಿ ಹಾಡುವುದಿಲ್ಲ. ಒಂದರ ಗುಂಡಿ ಅರ್ಧಕ್ಕೆ ಬಂದಾಗಲೇ ಅಬ್ಬರ, ಇನ್ನೊಂದರದು ಮುಕ್ಕಾಲಿಗೆ ಬಂದರೂ ಸಂಕೋಚ. ದನಿ ಐದಾರು ಡೆಸಿಬಲ್ ಹೆಚ್ಚಿದರೆ ಯಾರಾದರೂ 'ಜೋರಾಯಿತು' ಎನ್ನುತ್ತಾರೆ. ಅರ್ಧ ಡೆಸಿಬಲ್ ಹೆಚ್ಚಿದರೆ, ಅಂದರೆ ಶಕ್ತಿಯಲ್ಲಿ ಶೇಕಡಾ 12ರಷ್ಟು ಮಾತ್ರ ಏರಿದರೆ, 'ಜೋರಾಯಿತು' ಎಂದು ಯಾರಿಗೂ ಅನಿಸುವುದಿಲ್ಲ. 'ಸ್ಪಷ್ಟವಾಯಿತು', 'ತುಂಬಿಕೊಂಡಿತು', 'ಗಾಯಕಿ ಎದುರಿಗೇ ಕೂತಂತಾಯಿತು' ಎನಿಸುತ್ತದೆ. ಮಟ್ಟದಲ್ಲಾದ ಏರಿಕೆಯನ್ನು ಮನಸ್ಸು ಗುಣದ ಖಾತೆಗೆ ಜಮಾ ಮಾಡಿಬಿಡುತ್ತದೆ.

ಇದಕ್ಕೆ ಕಿವಿಯ ರಚನೆಯ ಕುಮ್ಮಕ್ಕೂ ಇದೆ. ನಮ್ಮ ಕಿವಿ ಎಲ್ಲ ಸ್ವರಗಳಿಗೂ ಸಮನಾಗಿ ಸ್ಪಂದಿಸುವುದಿಲ್ಲ ಎಂಬುದನ್ನು ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲಿ ಅಳೆದು ತೋರಿಸಿದರು. ಮೆಲುದನಿಯಲ್ಲಿ ಮಂದ್ರಸ್ವರಗಳಿಗೆ ಕಿವಿ ಅರೆಕಿವುಡು. ದನಿ ಏರಿದಂತೆ ಅವು ಎಚ್ಚತ್ತು ಬರುತ್ತವೆ. ಅದಕ್ಕೇ ವಾಲ್ಯೂಮ್ ತಗ್ಗಿಸಿದರೆ ಮೃದಂಗದ ಎಡಭಾಗ ಕಾಣೆಯಾಗುವುದು, ಏರಿಸಿದರೆ ಗುಮ್ಕಿ ಮರಳಿ ಬರುವುದು. ಹೊಸ ಯಂತ್ರ ತುಸು ಜೋರಾಗಿದ್ದರೆ ಬೇಸ್ ಕೂಡ ಸುಧಾರಿಸಿದಂತೆ ಕೇಳಿಸುತ್ತದೆ. ಜಾಣ ಅಂಗಡಿಯವನಿಗೆ ಫ್ಲೆಚರ್ ಯಾರೆಂದು ತಿಳಿದಿರಬೇಕಿಲ್ಲ. ದುಬಾರಿ ಮಾದರಿಯ ಗುಂಡಿಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಿರುಗಿಸುವುದು ತಿಳಿದಿದ್ದರೆ ಸಾಕು.

ಈ ಕಳ್ಳನನ್ನು ಹೊರಗಿಟ್ಟು ಕೇಳಿಸಿದರೆ ಏನಾಗುತ್ತದೆ? ಅಮೆರಿಕದ 'ಸ್ಟೀರಿಯೊ ರಿವ್ಯೂ' ಪತ್ರಿಕೆಯ 1987ರ ಜನವರಿ ಸಂಚಿಕೆಯಲ್ಲಿ ಅಂಥದೊಂದು ಪರೀಕ್ಷೆಯ ವರದಿಯಿದೆ. ಸುಮಾರು 220 ಡಾಲರಿನ ರಿಸೀವರಿನಿಂದ ಹಿಡಿದು 12,000 ಡಾಲರಿನ ವಾಲ್ವ್ ಜೋಡಿಯವರೆಗಿನ ಯಂತ್ರಗಳ ಮಟ್ಟವನ್ನು ಸರಿಸಮ ಮಾಡಿ, ಯಾವುದು ಹಾಡುತ್ತಿದೆ ಎಂದು ಹೇಳದೆ ಕೇಳಿಸಿದರು. ಕೇಳುಗರ ಉತ್ತರಗಳು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಉತ್ತಮವಾಗಿರಲಿಲ್ಲ.

ಅದಕ್ಕೂ ಸ್ವಾರಸ್ಯದ ಕಥೆ ಬಾಬ್ ಕಾರ್ವರ್‌ನದು. ಯಾವುದೇ ದುಬಾರಿ ಆಂಪ್ಲಿಫೈಯರ್ ಕೊಡಿ, ನನ್ನ ಅಗ್ಗದ ಟ್ರಾನ್ಸಿಸ್ಟರ್ ಯಂತ್ರವನ್ನು ಅದರಂತೆಯೇ ಹಾಡಿಸುತ್ತೇನೆ ಎಂದು 1985ರಲ್ಲಿ ಆತ 'ಸ್ಟೀರಿಯೊಫೈಲ್' ಪತ್ರಿಕೆಗೆ ಪಂಥ ಕೊಟ್ಟ. ಸಂಪಾದಕರು ದುಬಾರಿ ವಾಲ್ವ್ ಯಂತ್ರವೊಂದನ್ನು ಮುಂದಿಟ್ಟರು. ಹೋಟೆಲ್ ಕೋಣೆಯೊಂದರಲ್ಲಿ ಬೆಸುಗೆ ಕಡ್ಡಿ ಹಿಡಿದು ಕೂತ ಕಾರ್ವರ್, ಎರಡೂ ಯಂತ್ರಗಳಿಗೆ ಒಂದೇ ಸಂಗೀತ ಕೊಟ್ಟು, ಒಂದರಿಂದ ಇನ್ನೊಂದನ್ನು ಕಳೆದು, ಉಳಿದ ಶೇಷವನ್ನು ಕೇಳುತ್ತಾ ಹೋದ. ಶೇಷ ಶೂನ್ಯವಾದರೆ ಎರಡೂ ಒಂದೇ ತಾನೆ? ಅಲ್ಲೊಂದು ರೆಸಿಸ್ಟರ್, ಇಲ್ಲೊಂದು ಕೆಪಾಸಿಟರ್ ಬದಲಿಸುತ್ತಾ ಶೇಷವನ್ನು 70 ಡೆಸಿಬಲ್ ಕೆಳಕ್ಕೆ, ಎಂದರೆ ಶಕ್ತಿಯಲ್ಲಿ ಕೋಟಿಗೆ ಒಂದು ಪಾಲಿಗೆ ಇಳಿಸಿದ. ಎರಡನ್ನೂ ಬದಲಿಸಿ ಬದಲಿಸಿ ಕೇಳಿದ ವಿಮರ್ಶಕರು ವ್ಯತ್ಯಾಸ ಹೇಳಲಾಗದೆ ಸೋಲೊಪ್ಪಿಕೊಂಡರು.

ಹಾಗೆಂದು ಆಂಪ್ಲಿಫೈಯರುಗಳೆಲ್ಲ ಒಂದೇ ಎಂದು ಷರಾ ಬರೆಯುವುದೂ ದುಡುಕೇ. ಕಾರ್ವರ್ ಅಷ್ಟು ಪಾಡುಪಟ್ಟನೆಂದರೆ ಮೊದಲು ವ್ಯತ್ಯಾಸ ಇತ್ತು ಎಂದೇ ಅರ್ಥ. ವಾಲ್ವ್ ಯಂತ್ರಗಳ 'ಬೆಚ್ಚಗಿನ ದನಿ'ಯ ಗುಟ್ಟಿನ ಒಂದು ಭಾಗ ಸರಳ ಭಾಗಾಕಾರದಲ್ಲಿದೆ. 8 ಓಮ್ ಎಂದು ಬರೆದುಕೊಂಡ ಸ್ಪೀಕರ್ ಒಂದು ಸ್ವರಕ್ಕೆ 5 ಓಮ್, ಇನ್ನೊಂದಕ್ಕೆ 20 ಓಮ್ ಆಗಿ ವರ್ತಿಸುವುದುಂಟು. ವಾಲ್ವ್ ಯಂತ್ರದ ಒಳಗಿನ ರೋಧ 2 ಓಮ್ ಇದ್ದರೆ ಈ ಎರಡು ಸ್ವರಗಳ ನಡುವೆ 2 ಡೆಸಿಬಲ್ ಏರುಪೇರಾಗುತ್ತದೆ. ಟ್ರಾನ್ಸಿಸ್ಟರ್ ಯಂತ್ರದ ರೋಧ 0.05 ಓಮ್ ಇದ್ದರೆ ಏರುಪೇರು 0.1 ಡೆಸಿಬಲ್ ಕೂಡ ಇಲ್ಲ. ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನೂ ಮರುವರ್ಷ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳನ್ನೂ ತಯಾರಿಸಲು ತೊಡಗಿತ್ತು. ಆ ಕಾಲದ ವಾಲ್ವ್ ರೇಡಿಯೊದ ದನಿ ನೆನೆದು ಕಣ್ಣರಳಿಸುವ ಹಿರಿಯರ ನೆನಪಿನಲ್ಲಿ ಬಾಲ್ಯದ ಪಾಲೆಷ್ಟು, ಮರದ ಪೆಟ್ಟಿಗೆಯ ಪಾಲೆಷ್ಟು ಎಂದು ಬಿಡಿಸುವುದು ಮಾತ್ರ ಯಾವ ಮೀಟರಿಗೂ ಆಗದು.

ಬದಲಾವಣೆ ಕಣ್ಣಿಗೆ ಕಟ್ಟುವಂತೆ ಆಗುವ ಇನ್ನೊಂದು ಸಂದರ್ಭ, ಹಳೆಯ ಯಂತ್ರಕ್ಕೆ ಉಸಿರು ಸಾಲದೆ ಇದ್ದಾಗ. ಸಾಧಾರಣ ಕೋಣೆಯಲ್ಲಿ ಸಂಗೀತ ಕೇಳಲು ಸರಾಸರಿ ಅರ್ಧ ವ್ಯಾಟ್ ಸಾಕು ಎಂದರೆ ಎಷ್ಟೋ ಮಂದಿ ನಂಬುವುದಿಲ್ಲ. ಆದರೆ ಚೆನ್ನಾಗಿ ಮುದ್ರಿಸಿದ ಕಛೇರಿಯಲ್ಲಿ ಮೃದಂಗದ ಒಂದು ಪೆಟ್ಟು ಸರಾಸರಿಗಿಂತ 20 ಡೆಸಿಬಲ್ ಮೇಲಕ್ಕೆ ಜಿಗಿಯಬಹುದು. 20 ಡೆಸಿಬಲ್ ಎಂದರೆ ನೂರು ಪಟ್ಟು. ಆ ಕ್ಷಣಕ್ಕೆ 50 ವ್ಯಾಟ್ ಬೇಕು. 20 ವ್ಯಾಟಿನ ಯಂತ್ರ ಅಲ್ಲಿಗೆ ಮುಟ್ಟಲಾರದೆ ಅಲೆಯ ನೆತ್ತಿಯನ್ನೇ ಕತ್ತರಿಸುತ್ತದೆ. ಪೆಟ್ಟಿನ ನಾದ ಹೋಗಿ ಸದ್ದು ಉಳಿಯುತ್ತದೆ. ಅಂಥ ಮನೆಗೆ 80 ವ್ಯಾಟಿನ ಯಂತ್ರ ಬಂದರೆ ಸುಖ ನಿಜವಾದದ್ದು. 20ರಿಂದ 40ಕ್ಕೆ ಏರಿದರೆ ಸಿಗುವುದು 3 ಡೆಸಿಬಲ್ ಮಾತ್ರ. ದನಿ ಎರಡರಷ್ಟಾದಂತೆ ಕೇಳಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು.

ಇನ್ನು ಪಿ.ಎಂ.ಪಿ.ಒ. ಎಂಬ ಮಹಾ ಬೊಗಳೆ. ಟೂ-ಇನ್-ಒನ್‌ಗಳ ಕಾಲದಲ್ಲಿ ಅಂಗೈಯಗಲದ ಸ್ಪೀಕರಿನ ಮೇಲೆ ಥಳಥಳಿಸುವ ಚೀಟಿ ಅಂಟಿರುತ್ತಿತ್ತು: '400 ವ್ಯಾಟ್ ಪಿ.ಎಂ.ಪಿ.ಒ.' ಅದೇ ಯಂತ್ರವನ್ನು ಬೋರಲು ಹಾಕಿ ನೋಡಿದರೆ, ಅದು ಗೋಡೆಯಿಂದ ಹೀರುವ ವಿದ್ಯುತ್ತು 20–25 ವ್ಯಾಟ್ ಎಂದು ಚಿಕ್ಕ ಅಕ್ಷರದಲ್ಲಿರುತ್ತಿತ್ತು. ಒಂದು ಚೊಂಬು ಸುರಿದ ಹಂಡೆಯಿಂದ ಹದಿನಾರು ಚೊಂಬು ನೀರು ಮೊಗೆಯುವ ಪವಾಡವಿದು. ಪಿ.ಎಂ.ಪಿ.ಒ. ಅಳೆಯಲು ಎಲ್ಲರೂ ಒಪ್ಪಿದ ಕ್ರಮವೇ ಇಲ್ಲ. ಇಂಥ ಉತ್ಪ್ರೇಕ್ಷೆಗೆ ಬೇಸತ್ತೇ ಅಮೆರಿಕ 1974ರಲ್ಲಿ ಆಂಪ್ಲಿಫೈಯರಿನ ನಿರಂತರ ಶಕ್ತಿಯನ್ನು ಹೇಳಲೇಬೇಕೆಂದು ನಿಯಮ ಮಾಡಿತು. ಬಾಣದ ಗುರುತಿನ ದಿಕ್ಕಿಗೇ ಜೋಡಿಸಬೇಕಾದ ಸ್ಪೀಕರ್ ತಂತಿ, ಅದನ್ನು ನೆಲಕ್ಕೆ ತಾಗದಂತೆ ಎತ್ತಿಡುವ ಪುಟ್ಟ ಪೀಠಗಳೂ ಇದೇ ಸಂತತಿಯವು. ಸಂಗೀತದ ಸಿಗ್ನಲ್ ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹಿಂದೆಮುಂದೆ ಓಡಾಡುವಂಥದ್ದು. ಅದಕ್ಕೆ ಬಾಣ ತೋರಿಸುವುದು ಉಯ್ಯಾಲೆಗೆ ಏಕಮುಖ ಸಂಚಾರದ ಫಲಕ ಹಾಕಿದಂತೆ. ತಾಯಿತ ಕಟ್ಟಿಸಿಕೊಂಡವರನ್ನು ನೋಡಿ ನಗುವ ವಿದ್ಯಾವಂತರೇ ಈ ತಂತಿಗಳ ಗಿರಾಕಿಗಳು.

ವ್ಯಾಜ್ಯ ತೀರಿಸಲು ಮೈಸೂರಿನ ದಂಪತಿಗೆ ಬೇಕಾದದ್ದು ಒಂದು ಮಲ್ಟಿಮೀಟರ್, ಒಂದು ನಾಣ್ಯ, ಮತ್ತು ಕಣ್ಣಿಗೆ ಮರೆಯಾಗುವಂತೆ ಹೊದಿಸಿದ ಒಂದು ಬೆಡ್‌ಶೀಟು. ಬೇಸ್, ಟ್ರೆಬಲ್ ಗುಂಡಿಗಳನ್ನು ನಡುಮಧ್ಯಕ್ಕೆ ತರಬೇಕು. 100 ಹರ್ಟ್ಸ್‌ನ ಸ್ವರ ನುಡಿಸಿ, ಸ್ಪೀಕರಿನ ತುದಿಗಳಲ್ಲಿ ಎ.ಸಿ. ವೋಲ್ಟೇಜು ಅಳೆದು, ಎರಡೂ ಯಂತ್ರಗಳನ್ನು ಶೇಕಡಾ 1ರೊಳಗೆ ಸಮ ಮಾಡಿಕೊಂಡರೆ ವ್ಯತ್ಯಾಸ 0.1 ಡೆಸಿಬಲ್ಲಿಗಿಂತ ಕೆಳಗಿಳಿಯುತ್ತದೆ. ಬಳಿಕ ಹೆಂಡತಿ ಪ್ರತಿ ಸಲವೂ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ತಂತಿ ಜೋಡಿಸಬೇಕು. ಜೋಡಿಸುವ ಮುನ್ನ ಎರಡೂ ಯಂತ್ರಗಳನ್ನು ಆರಿಸಿರಬೇಕು. ಯಜಮಾನರು ಬೇರೆ ಕೋಣೆಯಿಂದ ಬಂದು ಕೂತು, ಹಾಡುತ್ತಿರುವುದು ಯಾವುದೆಂದು ಹೇಳಬೇಕು. ಹತ್ತರಲ್ಲಿ ಐದಾರು ಸರಿಯಾದರೆ ಅದು ಬರಿಯ ಊಹೆ. ಒಂಬತ್ತೋ ಹತ್ತೋ ಸರಿಯಾದರೆ, ಅದೃಷ್ಟದಿಂದ ಹಾಗಾಗುವ ಸಾಧ್ಯತೆ ನೂರಕ್ಕೆ ಒಂದರಷ್ಟಿರುವುದರಿಂದ, ಅವರ ಕಿವಿಗೆ ನಮಸ್ಕಾರ ಹೇಳಬೇಕು.

ಗೆದ್ದರೂ ಒಂದು ಅನುಮಾನ ಉಳಿಯುತ್ತದೆ. ಇಪ್ಪತ್ತು ವರ್ಷದ ಯಂತ್ರದಲ್ಲಿ ಕೆಪಾಸಿಟರುಗಳು ಒಣಗಿ ಗುಂಯ್‌ಗುಡುತ್ತಿರಬಹುದು, ವಾಲ್ಯೂಮ್ ಗುಂಡಿಯೊಳಗೆ ಧೂಳು ಕೂತು ಒಂದು ಕಡೆಯ ದನಿ ಕುಗ್ಗಿರಬಹುದು. ಅದನ್ನು ಅಟ್ಟದಿಂದ ಇಳಿಸಿ ಬಲ್ಲ ಮೆಕ್ಯಾನಿಕ್‌ಗೆ ತೋರಿಸಿದರೆ ಸಣ್ಣ ಖರ್ಚಿನಲ್ಲೇ ಎದ್ದು ಕೂತೀತು. ಇನ್ನು ಮೊಸಾಯಿಕ್ ನೆಲದ, ನಾಲ್ಕು ಮೀಟರ್ ಉದ್ದದ ಹಾಲ್ ಅವರದಾದರೆ, 43 ಹರ್ಟ್ಸ್‌ನ ಆಸುಪಾಸಿನಲ್ಲಿ ಕೋಣೆಯೇ ಬೇಸನ್ನು ಒಂದೆಡೆ ಉಬ್ಬಿಸಿ ಇನ್ನೊಂದೆಡೆ ನುಂಗುತ್ತಿರುತ್ತದೆ. ಸ್ಪೀಕರುಗಳನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ತಂದು, ನೆಲಕ್ಕೊಂದು ದಪ್ಪ ಜಮಖಾನ ಹಾಸಿದರೆ ಆಗುವ ಬದಲಾವಣೆಯನ್ನು ಹೆಂಡತಿಯೂ ಒಪ್ಪಿಯಾರು. ಹಾಲಿನ ನಡುವೆ ಸ್ಪೀಕರ್ ನಿಲ್ಲಿಸಲು ಅವರು ಒಪ್ಪುತ್ತಾರೆಯೇ ಎಂಬುದು ಇನ್ನೊಂದು ವ್ಯಾಜ್ಯ.