ಬೋರ್ ನೀರಿನ ತಲೆಗೆ ಕಟ್ಟಿದ ತಪ್ಪು

ವೈಟ್‌ಫೀಲ್ಡಿನ ಪಿಜಿಗೆ ಬಂದು ಸೂಟ್‌ಕೇಸ್ ಇಳಿಸುವ ಮೊದಲೇ ಒಂದು ಎಚ್ಚರಿಕೆ ಸಿಗುತ್ತದೆ: ‘ಇಲ್ಲಿನ ಬೋರ್ ನೀರಿಗೆ ತಲೆ ಕೊಟ್ರೆ ಆರು ತಿಂಗಳಲ್ಲಿ ಬೋಳು.’ ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟಿನಲ್ಲೂ ಪೀಣ್ಯದ ಗಾರ್ಮೆಂಟ್ಸ್ ಗೇಟಿನ ಮುಂದೂ ಇದೇ ಮಾತು. ಗೀಸರ್ ಕಾಯಿಲ್ ಬಿಚ್ಚಿ ಬಿಳಿ ಪದರ ತೋರಿಸಿ, ‘ಲೋಹಕ್ಕೇ ಹೀಗಾದರೆ ತಲೆಯ ಗತಿ ಏನು?’ ಎಂದು ಕೇಳುವವರೂ ಉಂಟು.

ನೀರು ಗಡುಸು ಎಂಬುದು ಸುಳ್ಳಲ್ಲ. ಬೆಂಗಳೂರಿಗೆ ಸೇರಿದ ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದೇ 2024ರ ಅಕ್ಟೋಬರ್‌ನಲ್ಲಿ. ಅಲ್ಲಿಯತನಕ ಹೊರವಲಯ ಬಹುಪಾಲು ಬೋರ್‌ವೆಲ್, ಟ್ಯಾಂಕರ್ ನಂಬಿ ಬದುಕಿತು. ಬಂಡೆಯ ಬಿರುಕಿನಿಂದ ಬರುವ ಆ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಕುಡಿಯುವ ನೀರಿಗೆ ಐಎಸ್ 10500 ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 600ರ ತನಕ.

ಆದರೆ ಕಾಯಿಲ್ ಮೇಲೆ ಪದರ ಕಟ್ಟುವುದು ಕಾಯಿಸುವ ಬಿಸಿಗೆ. ಅಂಥ ಬಿಸಿಯನ್ನು ತಲೆಗೆ ಯಾರೂ ಸುರಿದುಕೊಳ್ಳುವುದಿಲ್ಲ. ಕೂದಲಿಗೆ ಆಗುವ ತೊಂದರೆ ಬೇರೆ: ಲವಣ ಅಂಟಿ ಎಳೆ ಒರಟಾಗುತ್ತದೆ, ಸಿಕ್ಕು ಹೆಚ್ಚುತ್ತದೆ, ಬಾಚಣಿಗೆ ಎಳೆದಾಗ ತುಂಡಾಗಬಹುದು. ಎಳೆ ಸಣ್ಣಗಿರುವವರಿಗೆ ಇದು ಬೇಗ ಗೊತ್ತಾಗುತ್ತದೆ. ಕೂದಲು ಹುಟ್ಟುವ ಬುಡವಾದರೋ ಚರ್ಮದೊಳಗೆ ಕೆಲವು ಮಿಲಿಮೀಟರ್ ಆಳದಲ್ಲಿದೆ. 2013ರಲ್ಲಿ ಪ್ರಕಟವಾದ ಕೊಯಮತ್ತೂರಿನ ಅಧ್ಯಯನ ಗಡುಸು ನೀರು ಸೋಕಿದ ಕೂದಲಿನ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2018ರ ಪಾಕಿಸ್ತಾನದ ಅಧ್ಯಯನ ಕಂಡಿತು. ಎರಡೂ ತೂಗಿ ನೋಡಿದ್ದು ಎಳೆಯ ಗಟ್ಟಿತನವನ್ನು. ಬುಡದ ಸುದ್ದಿ ಅಲ್ಲಿಲ್ಲ.

ಹಾಗಾಗಿ ಬಚ್ಚಲ ಜಾಲರಿಯಲ್ಲಿ ಸಿಕ್ಕ ಕೂದಲಿನ ತುದಿ ನೋಡಿ. ಸಣ್ಣ ಬಿಳಿ ಗುಂಡು ಇದ್ದರೆ ಅದು ಕಾಲ ಮುಗಿಸಿ ಬುಡದಿಂದ ಬಂದದ್ದು. ಗುಂಡಿಲ್ಲದ ಗಿಡ್ಡ ಚೂರಾದರೆ ನಡುವೆ ತುಂಡಾದದ್ದು. ದಿನಕ್ಕೆ 50ರಿಂದ 100 ಕೂದಲು ಬುಡದಿಂದಲೇ ಉದುರುವುದು ಸಹಜ. ಏಕಾಏಕಿ ಹೆಚ್ಚಿತೇ? ಕ್ಯಾಲೆಂಡರನ್ನು ಎರಡು ಮೂರು ತಿಂಗಳು ಹಿಂದಕ್ಕೆ ತಿರುವಿ. ಡೆಂಗಿ, ಟೈಫಾಯ್ಡ್, ಹೆರಿಗೆ, ಊಟ ಬಿಟ್ಟು ಇಳಿಸಿದ ತೂಕ, ಇಂಥ ಪೆಟ್ಟು ಬಿದ್ದಾಗ ಬಹಳಷ್ಟು ಕೂದಲು ಒಟ್ಟಿಗೆ ಬೆಳವಣಿಗೆ ನಿಲ್ಲಿಸುತ್ತವೆ, ತಿಂಗಳುಗಳ ಮೇಲೆ ಒಟ್ಟಿಗೆ ಉದುರುತ್ತವೆ. ಹುಬ್ಬಳ್ಳಿಯಿಂದ ಬಂದು, ಪಿಜಿಯ ಅನ್ನ–ತಿಳಿಸಾರಿನಲ್ಲಿ ದಿನ ದೂಡಿ, ಒಂದು ಜ್ವರವನ್ನೂ ಮುಗಿಸಿದ ಹುಡುಗನಿಗೆ ಆ ಹೊತ್ತಿಗೆ ಜ್ವರ ಮರೆತಿರುತ್ತದೆ, ನಲ್ಲಿ ಮಾತ್ರ ಕಣ್ಣೆದುರಿಗಿರುತ್ತದೆ. ಕಬ್ಬಿಣದ ಕೊರತೆಯಿಂದಲೂ ಕೂದಲು ಉದುರಬಹುದು. ರಾಜ್ಯದ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹೊಲಿಗೆ ಯಂತ್ರದ ಮುಂದೆ ದಿನ ಕಳೆಯುವ ಪೀಣ್ಯದ ಹೆಂಗಸು ನಲ್ಲಿಗೆ ಫಿಲ್ಟರ್ ಕೊಳ್ಳುವ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು.

ಫಿಲ್ಟರ್ ಅಂದೆನಲ್ಲ: ಶವರಿಗೆ ತಿರುಗಿಸುವ ಪುಟ್ಟ ಫಿಲ್ಟರ್‌ಗಳಲ್ಲಿ ಹೆಚ್ಚಿನವು ಹಿಡಿಯುವುದು ಕ್ಲೋರಿನ್ನು, ಕೆಸರು. ಗಡುಸು ಹಾಗೇ ಉಳಿಯುತ್ತದೆ. ಅದನ್ನು ತೆಗೆಯಲು ಉಪ್ಪು ತುಂಬಿಸುವ ಸಾಫ್ಟ್‌ನರ್ ಬೇಕು. ಅಸೋಸಿಯೇಷನ್ ಮೀಟಿಂಗಿಗೆ ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಹಿಡಿದು ಬಂದು ‘ಸಾಫ್ಟ್‌ನರ್ ಕೆಲಸಾನೇ ಮಾಡ್ತಿಲ್ಲ’ ಎಂದು ಗುಡುಗುವ ಮಹನೀಯರು ಗಮನಿಸಬೇಕು: ಕ್ಯಾಲ್ಸಿಯಂ ಹೋದ ಜಾಗಕ್ಕೆ ಸೋಡಿಯಂ ಬಂದು ಕೂರುವುದರಿಂದ ಟಿಡಿಎಸ್ ಇಳಿಯುವುದೇ ಇಲ್ಲ. ನೋಡಬೇಕಾದ್ದು ಹಾರ್ಡ್‌ನೆಸ್ ಕಿಟ್‌ನಲ್ಲಿ. ಬಾಡಿಗೆ ಮನೆಯವರಿಗೆ ಸುಲಭದ ದಾರಿ, ಕೊನೆಯ ಎರಡು ಚೊಂಬು ಕಾವೇರಿ ನೀರೋ ಮಳೆ ನೀರೋ ಸುರಿದುಕೊಳ್ಳುವುದು. ಆಗೊಮ್ಮೆ ಈಗೊಮ್ಮೆ, ಅಂಟಿದ ಲವಣ ಬಿಡಿಸುವ ಇಡಿಟಿಎ ಇರುವ ಶಾಂಪೂ.

ಇನ್ನು ಎಣ್ಣೆ. ತೊಳೆಯುವ ಮೊದಲು ಹಚ್ಚಿದ ಕೊಬ್ಬರಿ ಎಣ್ಣೆ ಎಳೆಯೊಳಗೆ ಇಳಿದು ಪ್ರೋಟೀನ್ ನಷ್ಟ ತಗ್ಗಿಸುತ್ತದೆಂದು 2003ರ ಅಧ್ಯಯನವೊಂದು ತೋರಿಸಿತು (ಮಾಡಿದವರು ಎಣ್ಣೆ ಕಂಪನಿಯ ಸಂಶೋಧಕರೇ, ಅದೂ ನೆನಪಿರಲಿ). ಹೊಸ ಕೂದಲು ಹುಟ್ಟಿಸುವ ಕೆಲಸ ಅದರದ್ದಲ್ಲ. ಸಣ್ಣ ಎಳೆಯ ತಲೆಗೆ ಎಣ್ಣೆ ಹಚ್ಚಿ ಆಫೀಸಿಗೆ ಹೋದರೆ ಕೂದಲು ಬುರುಡೆಗೆ ಅಂಟಿ ಇನ್ನೂ ಕಮ್ಮಿ ಕಾಣುತ್ತದೆ. ಹೊಟ್ಟಿದ್ದರಂತೂ ಎಣ್ಣೆಯಿಂದ ಅದು ಹೆಚ್ಚಬಹುದು. ಕಂಡೀಷನರ್ ತುದಿಗಳಿಗೆ ಸಾಕು, ಬುಡಕ್ಕೆ ಬೇಡ. ದಿನಾ ತೊಳೆದರೆ ಉದುರುತ್ತದೆಂಬ ಹೆದರಿಕೆಗೂ ಆಧಾರವಿಲ್ಲ. ತೊಳೆಯುವಾಗ ಬರುವುದು ಆಗಲೇ ಸಡಿಲಾಗಿದ್ದ ಕೂದಲು. ಮುಡಿ ಕೊಟ್ಟರೆ ಹರಕೆ ತೀರುತ್ತದೆ, ಎಳೆ ದಪ್ಪವಾಗುವುದಿಲ್ಲ. ಬಯೋಟಿನ್ ಮಾತ್ರೆ ಕೊರತೆ ಇದ್ದವರಿಗಷ್ಟೇ; ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೂ ಅದು ಏರುಪೇರು ಮಾಡಬಹುದು.

ಬೈತಲೆ ಅಗಲವಾಗುತ್ತಿದ್ದರೆ, ಹಣೆ ಹಿಂದಕ್ಕೆ ಸರಿಯುತ್ತಿದ್ದರೆ ಅದು ಬಹುಪಾಲು ವಂಶದ ಬಳುವಳಿ. ಚರ್ಮವೈದ್ಯರು ಸಾಮಾನ್ಯವಾಗಿ ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಔಷಧ ಬರೆದುಕೊಡುತ್ತಾರೆ. ಹಚ್ಚಿದ ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಬಹುದು, ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ನಿಲ್ಲಿಸಿದರೆ ಉಳಿಸಿಕೊಂಡದ್ದೂ ಕೈತಪ್ಪುತ್ತದೆ.