ಯುಪಿಐ ‘ಪೆಂಡಿಂಗ್’ ಅಂದರೆ ಹಣ ಹೋಯಿತೇ?

ಮಲವಗೊಪ್ಪದ ಅಂಗಡಿಯಲ್ಲಿ ಕ್ಯುಆರ್ ಸ್ಕ್ಯಾನ್ ಮಾಡಿದಿರಿ, ‘ಪೆಂಡಿಂಗ್’ ಎಂದು ಬಂತು. ಹಣ ಮುಳುಗಿತೇ? ಇಲ್ಲ.

ಆ್ಯಪ್ ತಾನೇ ಹಣ ಸಾಗಿಸುವುದಿಲ್ಲ. ಕೆಲಸವನ್ನು ಬ್ಯಾಂಕುಗಳ ಕಂಪ್ಯೂಟರ್‌ಗಳಿಗೆ ಒಪ್ಪಿಸಿ ಉತ್ತರಕ್ಕೆ ಕಾಯುತ್ತದೆ. ಕಾಯುವಾಗ ಫೋನ್ ಹ್ಯಾಂಗ್ ಆಗದಂತೆ ಕೋಡ್ ಬರೆಯುವುದನ್ನು ‘ಅಸಿಂಕ್ರೊನಸ್’ ಎನ್ನುತ್ತೇವೆ.

ಪ್ರತಿ ಸಲ ನಿಜವಾದ ಹಣ ಹಾಕಿ ಇದನ್ನು ಪರೀಕ್ಷಿಸಲಾಗದು. ಹಾಗಾಗಿ ಪ್ರೋಗ್ರಾಮರ್‌ಗಳು ಬ್ಯಾಂಕಿನ ಜಾಗದಲ್ಲಿ ಡಮ್ಮಿ ಪ್ರೋಗ್ರಾಂ ಇಟ್ಟು, ಅದು ತಡವಾಗಿ ಉತ್ತರಿಸಿದರೆ, ಉತ್ತರಿಸದೇ ಇದ್ದರೆ ಆ್ಯಪ್ ಏನು ಮಾಡುತ್ತದೆ ಎಂದು ನೋಡುತ್ತಾರೆ.

ಪೆಂಡಿಂಗ್ ಎಂದರೆ ‘ಫೇಲ್’ ಅಲ್ಲ, ‘ಉತ್ತರ ಇನ್ನೂ ಬಂದಿಲ್ಲ’ ಎಂದಷ್ಟೇ. ತಕ್ಷಣ ಮತ್ತೆ ಕಳಿಸಿದರೆ ಎರಡು ಸಲ ಹಣ ಹೋಗಬಹುದು. ಆರ್‌ಬಿಐನ 2019ರ ನಿಯಮದಂತೆ, ಖಾತೆಯಿಂದ ಹಣ ಕಡಿತವಾಗಿಯೂ ಅಂಗಡಿಗೆ ದೃಢೀಕರಣ ಸಿಗದಿದ್ದರೆ, ವಹಿವಾಟಿನ ನಂತರ 5 ದಿನದೊಳಗೆ ಹಣ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ನೆನಪಿಡಿ: ಹಣ ಪಡೆಯಲು ಪಿನ್ ಬೇಕಿಲ್ಲ.